ನಿಂತವರು, ಎಡದಿಂದ ಬಲಕ್ಕೆ

ನಮ್ಮ ಮನೆಗಳ ಗೋಡೆ ಮೇಲೆ ಬರಹ ಇರುವ ಫೋಟೋ ಅಂದರೆ ಹೆಚ್ಚಾಗಿ ತೀರಿಕೊಂಡವರದ್ದೇ. ಕೆಳಗೆ ಹೆಸರು, ಜನನ, ಮರಣ. ಮೇಲೊಂದು ಗಂಧದ ಹಾರ. ಎಂಬತ್ತು ವರ್ಷ ಬಾಳಿ, ಊರೆಲ್ಲ ಜಗಳ ಆಡಿ, ರಾಜಿ ಮಾಡಿಕೊಂಡ ಮನುಷ್ಯನಿಗೆ ಎರಡು ತಾರೀಕು, ಅಷ್ಟೇ. ಬದುಕಿರುವವರ ವಿವರಣೆ ಏನಿದ್ದರೂ ಬಾಯಲ್ಲಿ. ಆಲ್ಬಂ ತೆಗೆದರೆ ಸಾಕು, "ಇದು ದೊಡ್ಡಮ್ಮನ ಮದುವೆ" ಅಂತ ಒಬ್ಬರು, "ಅಲ್ಲ ಕಣೇ, ನಾಮಕರಣ, ಸೀರೆ ನೋಡು" ಅಂತ ಇನ್ನೊಬ್ಬರು. ಸೀರೆ, ಕೈಗಡಿಯಾರ, ಹಿಂದೆ ಅರ್ಧ ಕಾಣುವ ಸ್ಕೂಟರು, ಇಷ್ಟನ್ನೇ ಹಿಡಿದು ವರ್ಷ ಹೇಳುವುದರಲ್ಲಿ ನಮ್ಮ ಅತ್ತೆಯರನ್ನು ಮೀರಿಸುವ ಸಂಶೋಧಕರಿಲ್ಲ.

ಈ ಜಗಳವನ್ನು ಹಾಗೇ ಉಳಿಸಿಕೊಂಡು ಕಲೆ ಮಾಡಿದವರಿದ್ದಾರೆ. ಅಮೆರಿಕದ ಫೋಟೋಗ್ರಾಫರ್ ಲ್ಯಾರಿ ಸುಲ್ತಾನ್ ಹತ್ತಿರ ಹತ್ತಿರ ಹತ್ತು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದ ತನ್ನ ಅಪ್ಪ ಅಮ್ಮನ ಫೋಟೋ ತೆಗೆದರು. ಅದರ ಜೊತೆ ಮನೆಯಲ್ಲಿ ತೆಗೆದ ಹಳೇ ಸಿನಿಮಾ ರೀಲಿನ ಚಿತ್ರಗಳು, ತಮ್ಮ ಬರಹ, ಅಪ್ಪ ಅಮ್ಮನ ಮಾತು ಎಲ್ಲ ಸೇರಿಸಿ 1992ರಲ್ಲಿ 'ಪಿಕ್ಚರ್ಸ್ ಫ್ರಂ ಹೋಂ' ಪುಸ್ತಕ ಮಾಡಿದರು. ಅದರಲ್ಲೊಂದು ಫೋಟೋ. ಅಪ್ಪ ಸೂಟು ಹಾಕಿಕೊಂಡು ಮಂಚದ ತುದಿಗೆ ಸುಮ್ನೆ ಕೂತಿದ್ದಾರೆ, ಎಲ್ಲಿಗೋ ಹೊರಟು ಹೋಗಲು ಜಾಗವೇ ಇಲ್ಲದವರ ಹಾಗೆ. ಅಪ್ಪನಿಗೆ ಅದು ಹಿಡಿಸಲಿಲ್ಲ. ಅಲ್ಲಿ ಕೂತಿರುವುದು ನಾನಲ್ಲ, ನೀನು, ಈ ಫೋಟೋ ತೋರಿಸುವಾಗ ಜನಕ್ಕೆ ಅದನ್ನೂ ಹೇಳು ಅನ್ನುವ ಅರ್ಥದಲ್ಲಿ ಮಗನಿಗೆ ತಾಕೀತು ಮಾಡಿದರು. ಮಗ ಆ ತಕರಾರನ್ನು ಮುಚ್ಚಿಡಲಿಲ್ಲ. ನನಗೆ ಆ ಇಡೀ ಕೆಲಸದಲ್ಲಿ ಇಷ್ಟವಾದದ್ದು ಇದೇ. ನೆನಪು ಯಾರದ್ದು ಅನ್ನುವುದಕ್ಕಿಂತ ಫೋಟೋದ ಕೆಳಗೆ ಬರೆಯುವ ಹಕ್ಕು ಯಾರದ್ದು ಅನ್ನುವುದೇ ಮನೆಯೊಳಗಿನ ನಿಜವಾದ ರಾಜಕೀಯ, ಅಲ್ವಾ?

ಮನೆಯ ಹೊರಗೂ ಅದೇ ಕಥೆ. 1965ರಲ್ಲಿ ಅಮೆರಿಕದ ಮೊಯ್ನಿಹನ್ ವರದಿ ಎಂಬ ಸರ್ಕಾರಿ ವರದಿ ಕಪ್ಪು ಜನರ ಕುಟುಂಬಗಳು ಕುಸಿಯುತ್ತಿವೆ ಅಂದಿತು. ಕಪ್ಪು ಫೋಟೋಗ್ರಾಫರ್ ಕ್ಯಾರಿ ಮೇ ವೀಮ್ಸ್ ವಾದಕ್ಕೆ ಇಳಿಯುವ ಬದಲು 1978ರಿಂದ 84ರವರೆಗೆ ತನ್ನ ಅಮ್ಮ, ಅಕ್ಕ-ತಂಗಿಯರು, ಮಕ್ಕಳುಮರಿಯ ಫೋಟೋ ತೆಗೆದು, ಪಕ್ಕದಲ್ಲಿ ಅವರವರ ಕಥೆ ಬರೆದರು. ಒಳ್ಳೆಯದಷ್ಟೇ ಅಲ್ಲ, ಹುಳುಕೂ ಸೇರಿಸಿ.

ನಮ್ಮಲ್ಲಿ ಕಲಾವಿದ ವಿವಾನ್ ಸುಂದರಂ ಬರಹಕ್ಕೂ ಕಾಯದೆ ಫೋಟೋವನ್ನೇ ತಿದ್ದಿದವರು. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಇವರಿಗೆ ಚಿಕ್ಕಮ್ಮ ಅಲ್ಲ, ದೊಡ್ಡಮ್ಮ (ನೋಡಿ, ನಮ್ಮವರಿಗೆ ಇದು ಮೊದಲು ಗೊತ್ತಾಗಬೇಕು). ತಾತ ಉಮ್ರಾವ್ ಸಿಂಗ್ ತೆಗೆದಿದ್ದ ಮನೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಬೆಸೆದು, ಬೇರೆ ಬೇರೆ ಕಾಲದವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ನೆನಪೂ ಮಾಡುವುದು ಅದನ್ನೇ.

ಈಗ ಮೊಬೈಲು ತಾರೀಕು, ಗಂಟೆ, ಜಾಗ ಎಲ್ಲ ತಾನೇ ಬರೆದಿಡುತ್ತದೆ. ಆ ಹೊತ್ತಿಗೆ ಅತ್ತೆ ಯಾಕೆ ಮುಖ ಊದಿಸಿಕೊಂಡಿದ್ದರು ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಹೇಳುವವರು ಇರುವಾಗಲೇ ಕೇಳಿ, ಹಳೇ ಫೋಟೋಗಳ ಹಿಂದೆ ಬರೆದಿಡಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಬಾಲ್ ಪೆನ್ನು ಒತ್ತಿದರೆ ಮುಂದಿರುವ ಮುಖದ ಮೇಲೆ ಗೆರೆ ಮೂಡುತ್ತದೆ. ಒಬ್ಬರು ಮದುವೆ ಅಂದು, ಇನ್ನೊಬ್ಬರು ನಾಮಕರಣ ಅಂದರೆ ಎರಡನ್ನೂ ಬರೆಯಿರಿ.