ಹತ್ತೊಂಬತ್ತರ ಹುಡುಗನ ಮೇಲೆ ಎಷ್ಟು ಅವಸರ!

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಪೋರ್ಟ್‌ಲ್ಯಾಂಡ್ ತಂಡದ ರಾತ್ರಿ ಮ್ಯಾಚ್ ನಮಗೆ ಬೆಳಿಗ್ಗೆ ಎಂಟೂವರೆಗೆ. ಆ ತಂಡಕ್ಕೆ ಹತ್ತೊಂಬತ್ತರ ಸ್ಕೂಟ್ ಹೆಂಡರ್ಸನ್ ಆಡಿದ ಮೊದಲ ಸೀಸನ್‌ನಲ್ಲಿ, ಒಂಬತ್ತು ಗಂಟೆಯೊಳಗೆ ಗೆಳೆಯರ ತೀರ್ಪು ಬಂದುಬಿಡುತ್ತಿತ್ತು: "ಇವನು ದಂಡ." ಓದಿ ಓದಿ ಸಾಕಾಗಿಹೋಗಿತ್ತು.

2023ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಮೂರನೆಯವನಾಗಿ ಆಯ್ಕೆಯಾದ ಹುಡುಗ. ಹೊಡೆದ 100 ಶಾಟ್‌ಗಳಲ್ಲಿ 40 ಕೂಡ ಬೀಳುತ್ತಿರಲಿಲ್ಲ, ಒಪ್ಪುತ್ತೇನೆ. ಕೈಯಿಂದ ಚೆಂಡು ಜಾಸ್ತಿ ಜಾರುತ್ತಿತ್ತು, ಅದೂ ನಿಜ. ಆದರೆ ಎದುರಾಳಿ ಎರಡು ಹೆಜ್ಜೆ ಹಿಂದೆ ಸರಿದು "ಹೊಡಿ ನೋಡೋಣ" ಅನ್ನೋ ಹಾಗೆ ನಿಂತಾಗ, ಅವನು ಅರೆಕ್ಷಣ ತಡೆಯುತ್ತಿದ್ದ. ಹೊಡೆಯಲೋ, ನುಗ್ಗಲೋ? ಆ ಅರೆಕ್ಷಣ ಕಡಿಮೆಯಾಗೋದೇ ಅಲ್ವಾ ಬೆಳವಣಿಗೆ? ಅದನ್ನು ಯಾರೂ ನೋಡುವುದಿಲ್ಲ. ಬರೀ ಪಾಯಿಂಟ್ ಎಣಿಸುತ್ತಾರೆ.

ಎನ್‌ಬಿಎಯ ಹಳೆಯ ಆಟಗಾರ ಸ್ಟೀವ್ ನ್ಯಾಶ್ ತಮ್ಮ ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 3.3 ಪಾಯಿಂಟ್ ಗಳಿಸಿದ್ದರು. 2005, 2006ರಲ್ಲಿ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರ, ಆದರು. ಎಲ್ಲರೂ ನ್ಯಾಶ್ ಆಗಲ್ಲ, ಗೊತ್ತು. ಆದರೂ ಹುಡುಗನಿಗೆ ಒಂದೆರಡು ವರ್ಷ ಕೊಡೋಕೆ ಏನು ಕಷ್ಟ?

ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಒಂದು ಒಳ್ಳೆ ಪಂದ್ಯ ಆಡಿದರೆ ಸಾಕು, ದಂಡ ಅಂದವರೇ "ನಾನು ಆವತ್ತೇ ಹೇಳಿರಲಿಲ್ವಾ?" ಅಂತ ಬರುತ್ತಾರೆ. ಎಲ್ಲಿ ಹೇಳಿದ್ರಿ ಸ್ವಾಮಿ?