ಉತ್ತರ ಪತ್ರಿಕೆಯ ನಕಲು ಕೇಳಲು ಮುಖ್ಯಸ್ಥರ ಸಹಿ ಬೇಕಿಲ್ಲ

ಕಲಬುರಗಿಯ ಕಾಲೇಜು, ಹಾಸ್ಟೆಲ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಉತ್ತರ ಪತ್ರಿಕೆಯ ನಕಲಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಬೇಕಾದರೆ ವಿಭಾಗದ ಮುಖ್ಯಸ್ಥರ ಸಹಿ ಬೇಕು, ಕಾರಣವನ್ನೂ ಬರೆಯಬೇಕು ಅಂತ. ಎರಡೂ ತಪ್ಪು.

ಮಾಹಿತಿ ಹಕ್ಕು ಕಾಯ್ದೆ 2005ರ 6(2)ನೇ ಕಲಂ ಪ್ರಕಾರ ಅರ್ಜಿದಾರರು ಕಾರಣ ಕೊಡಬೇಕಿಲ್ಲ. ಯಾರ ಒಪ್ಪಿಗೆಯ ಸಹಿಯನ್ನೂ ಕಾಯ್ದೆ ಕೇಳುವುದಿಲ್ಲ. ಮೌಲ್ಯಮಾಪನವಾದ ತನ್ನ ಪತ್ರಿಕೆ ನೋಡುವ, ನಕಲು ಪಡೆಯುವ ಹಕ್ಕು ವಿದ್ಯಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. (ಮೌಲ್ಯಮಾಪಕರ ಹೆಸರು ಮಾತ್ರ ಸಿಗದು, ಅದು ನ್ಯಾಯವೇ.)

10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ರಿಜಿಸ್ಟರ್ ನಂಬರ್, ಸೆಮಿಸ್ಟರ್, ವಿಷಯ ಬರೆದು ವಿಶ್ವವಿದ್ಯಾಲಯದ ಮಾಹಿತಿ ಅಧಿಕಾರಿಗೆ ಕೊಡಿ. 30 ದಿನದೊಳಗೆ ಉತ್ತರ ಕೊಡಬೇಕು.

ಮೊದಲೇ ‘ಸರ್ ಏನಂದುಕೊಳ್ತಾರೋ’ ಅಂತ ಅಂಜುವ ಹುಡುಗ ಹುಡುಗಿಯರು, ಇಂಥ ಮೆಸೇಜ್ ಓದಿ ಅರ್ಜಿಯನ್ನೇ ಕೈಬಿಡುತ್ತಾರೆ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.