ಇದು ಟ್ರ್ಯಾಕ್ಟರ್ ಎಳೆಯೋ ಹಗ್ಗ ಅಲ್ಲರೀ!

ಬಾದಾಮಿಯ ಕೆಂಪು ಬಂಡೆ ಹತ್ತೋದು ನನ್ನ ಚಟ. ಅದಕ್ಕಂತ ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು 60 ಮೀಟರ್ ಹಗ್ಗ ತಂದಿದ್ದೆ, 9.8 ಮಿಲಿಮೀಟರ್ ದಪ್ಪದ್ದು. ಮೊನ್ನೆ ಶನಿವಾರ ಸಂಜೆ ಚೀಲ ತೆಗೆದು ನೋಡಿದರೆ ಹಗ್ಗವೇ ಇಲ್ಲ! "ನಿಮ್ಮ ಕಾಕಾ ಒಯ್ದಾನ, ಟ್ರ್ಯಾಕ್ಟರ್ ಹುಗಿದೈತಂತ" ಅಂದಳು ಅವ್ವ, ರೊಟ್ಟಿ ಬಡಿಯೋದನ್ನೂ ನಿಲ್ಲಿಸದೆ.

ಟ್ರ್ಯಾಕ್ಟರ್! ಕಬ್ಬಿನ ಹೊಲದ ಎರೆಮಣ್ಣಿನಲ್ಲಿ ಹೂತ ಟ್ರ್ಯಾಕ್ಟರ್!

ಈ ಹಗ್ಗ ಹಿಗ್ಗಲಿ ಅಂತಲೇ ಮಾಡಿದ್ದು, ನಾವು ಬಿದ್ದಾಗ ಆ ಜಗ್ಗು ಪೂರ್ತಿ ನಮ್ಮ ಸೊಂಟಕ್ಕೆ ಬಡಿಯದೆ ಹಗ್ಗ ತಾನೇ ಒಂದಿಷ್ಟು ತಗೊಳ್ಳಲಿ ಅಂತ. ಕಾಕಾ ನನಗೇ ಬೈದರು: "ಏನ್ ಹಗ್ಗಲೇ ಇದು, ರಬ್ಬರ್ ಇದ್ದಂಗೈತಿ, ಗಾಡಿ ಅಲ್ಲಾಡಲೇ ಇಲ್ಲ!" ಮೇಲೆ ತೊಳೆದು ಕೊಟ್ಟೆ ಅಂತ ಉಪಕಾರದ ಮಾತು ಬೇರೆ. ಹೇಗೆ ತೊಳೆದರು ಗೊತ್ತಾ? ಸೋಡಾ ಹಾಕಿ, ಕಲ್ಲಿಗೆ ತಿಕ್ಕಿ, ಎರಡು ದಿನ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ. ನೈಲಾನಿಗೆ ಬಿಸಿಲು ಆಗಿಬರಲ್ಲ ಅಂತ ಯಾರಿಗೆ ಹೇಳೋದು? (ಹಗ್ಗ ಸಿಕ್ಕಿಸೋ ಲೋಹದ ಕೊಂಡಿ, ಅದೇ ಕ್ಯಾರಬೀನರ್, ಅದರ ಕತೆ ಕೇಳಲೇಬೇಡಿ, ಒಂದು ಆಗಲೇ ತಂಗಿಯ ಗಾಡಿ ಕೀಲಿಗೆ ಹೋಗಿದೆ.)

ರಾತ್ರಿ ಕೂತು ಹಗ್ಗವನ್ನ ಮೊಳ ಮೊಳ ಹಿಡಿದು ನೋಡಿದೆ. ಒಂದು ಕಡೆ ಬೆರಳಿಗೆ ಮೆತ್ತಗೆ, ಚಪ್ಪಟೆಯಾಗಿ ಸಿಕ್ಕಿತು. ಹೊರಗಿನ ಹೆಣಿಗೆ ಚೆನ್ನಾಗೇ ಇದೆ, ಒಳಗಿನ ಎಳೆ ಹೋಗಿದೆ. ತುದಿಯಲ್ಲಾದರೆ ಅಷ್ಟು ಕತ್ತರಿಸಿ ಬಳಸಬಹುದಿತ್ತು, ಇದು ನಟ್ಟನಡುವೆ!

ಈಗ ಅರ್ಧ ಹಗ್ಗ ಎಮ್ಮೆ ಕೊರಳಲ್ಲಿದೆ. "ಎಮ್ಮಿಗೆ ಭಾಳ ಚಂದ ಕಾಣತೈತಿ" ಅಂತಾಳೆ ಅವ್ವ.